ಜೀಪಿನಲ್ಲಿ ಓಡಾಡಿದ ಬೋರ್ಡು

ಖಣ ಖಣ, ಖಣ ಖಣ. ಆಲ್ದೂರಿನ ತಿರುವಿನಲ್ಲಿ ಜೀಪು ಕಾಣಿಸುವ ಮೊದಲೇ ಆ ಸದ್ದು ಕೇಳಿಸುತ್ತಿತ್ತು. ಹಿಂದಿನ ಸೀಟಿನ ಮೇಲೆ ಒಂದು ತಗಡಿನ ಬೋರ್ಡು ಕುಣಿಯುತ್ತಾ ಬರುತ್ತಿತ್ತು. ಅದರ ಮೇಲೆ ನಮ್ಮ ಮ್ಯಾನೇಜರ ಹೆಸರು, ಕೆಳಗೆ ಕೆಂಪಕ್ಷರದಲ್ಲಿ ‘ಫ್ಯಾಕ್ಟರಿ ಮ್ಯಾನೇಜರ್’. ಸದ್ದು ಕೇಳಿದೊಡನೆ ಕಾಫಿಬೀಜ ಆರಿಸುವ ಹೆಂಗಸರ ಮಾತು ತಗ್ಗುತ್ತಿತ್ತು. ನಾನು ಮ್ಯಾನೇಜರಿಗೆಂದು ಇಟ್ಟಿದ್ದ ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

ನಮ್ಮದು ಎರಡು ಕ್ಯೂರಿಂಗ್ ವರ್ಕ್ಸ್, ಆಲ್ದೂರಿನಲ್ಲೊಂದು, ಮೂಡಿಗೆರೆಯಲ್ಲೊಂದು. ತೋಟಗಳಿಂದ ಬಂದ ಪಾರ್ಚ್‌ಮೆಂಟ್ ಕಾಫಿಯ ಹೊಟ್ಟು ತೆಗೆದು, ಬೀಜ ವಿಂಗಡಿಸಿ, ಮೂಟೆ ಕಟ್ಟುವ ಕೆಲಸ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಓನರ್ ಅಂತ ನಾನು, ನಡೆಸುತ್ತಿದ್ದವರು ಮ್ಯಾನೇಜರೊಬ್ಬರೇ. ಬೆಳಿಗ್ಗೆ ಇಲ್ಲಿ, ಊಟದ ನಂತರ ಅಲ್ಲಿ. ಹೊರಡುವಾಗ ಬೋರ್ಡನ್ನು ಮೊಳೆಯಿಂದ ಇಳಿಸಿಕೊಂಡೇ ಹೋಗುವರು. ಇನ್ನೊಂದು ಬೋರ್ಡು ಬರೆಸಬಾರದೇ ಎಂದು ಒಮ್ಮೆ ಕೇಳಿದ್ದೆ.

"ನಾನಿಲ್ಲದ ಕಡೆ ನನ್ ಬೋರ್ಡ್ ನೇತಾಡ್ತಿದ್ರೆ ಸುಳ್ಳು ಹೇಳ್ದಂಗಾಗುತ್ತಲ್ಲ ಮೇಡಂ," ಎಂದರು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೊಗಳುತ್ತಿದ್ದ ಹಾನೆಸ್ಟಿ ಎಂದರೆ ಇದೇ ಇರಬೇಕು ಎಂದುಕೊಂಡೆ.

ಒಂದು ಸೀಸನ್ನಿನ ನಡುವೆ ಹೊಸ ಫ್ಯಾಕ್ಟರಿ ಇನ್ಸ್‌ಪೆಕ್ಟರು ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಆಲ್ದೂರಿನಲ್ಲಿ ಎಲ್ಲ ನೋಡಿ, ಕಾಫಿ ಕುಡಿದು, ಮೂಡಿಗೆರೆಯದನ್ನೂ ನೋಡುತ್ತೇನೆಂದು ಹೊರಟರು. ನಾನೂ ಅವರ ಹಿಂದೆ ಕಾರಿನಲ್ಲಿ ಹೋದೆ. ನಮ್ಮ ಮ್ಯಾನೇಜರು ತೋಟದ ಒಳದಾರಿ ಹಿಡಿದು ಮೊದಲೇ ತಲುಪಿ, ಬೋರ್ಡು ನೇತುಹಾಕಿ, ಗೇಟಿನಲ್ಲಿ ಕೈಕಟ್ಟಿ ನಿಂತಿದ್ದರು.

"ಏನ್ರೀ, ನಿಮ್ ಬೋರ್ಡು ನನಗಿಂತ ಮೊದ್ಲೇ ಬಂತಲ್ಲ?"

"ಅದಕ್ಕೆ ದಾರಿ ಗೊತ್ತಿದೆ ಸಾರ್."

ಇನ್ಸ್‌ಪೆಕ್ಟರು ನಕ್ಕರು, ಆದರೆ ರೂಲ್ ಬಿಡಲಿಲ್ಲ. ಒಬ್ಬರೇ ಎರಡು ಫ್ಯಾಕ್ಟರಿಗೆ ಮ್ಯಾನೇಜರ್ ಆಗಿರುವಂತಿಲ್ಲ. ಯಂತ್ರಕ್ಕೆ ಯಾರದಾದರೂ ಕೈ ಸಿಕ್ಕರೆ ಹೊಣೆ ಹೊತ್ತವರು ಅಲ್ಲಿರಬೇಕು, ಜೀಪಿನಲ್ಲಲ್ಲ ಎಂದರು. "ಒಂದನ್ನ ಇಟ್ಕೊಳ್ಳಿ. ಇನ್ನೊಂದಕ್ಕೆ ಮೇಡಂ ಬೇರೆ ಹೆಸರು ಕೊಡ್ಲಿ."

ಮರುದಿನ ಮ್ಯಾನೇಜರ ಹೆಂಡತಿಯ ಫೋನು ಬಂತು. "ಎರಡು ಮಕ್ಳಲ್ಲಿ ಒಂದನ್ನ ದತ್ತು ಕೊಡಿ ಅಂದಂಗೆ ಕೂತಿದಾರೆ ಅಕ್ಕ. ತಟ್ಟೆ ಮುಂದಿಟ್ರೆ ತಟ್ಟೇನೇ ನೋಡ್ತಾರೆ."

ಫ್ರಾಂಕ್ಲಿ, ಅವರು ಆಲ್ದೂರನ್ನೇ ಇಟ್ಟುಕೊಳ್ಳುತ್ತಾರೆಂದು ನನಗೆ ಅನುಮಾನವಿರಲಿಲ್ಲ. ದೊಡ್ಡ ಶೆಡ್ಡು, ಹೊಸ ಮಿಷನ್ನು, ಮೇಲಾಗಿ ನನ್ನ ಫ್ಲಾಸ್ಕು. ವಾರ ಕಳೆದು ಬಂದವರು ಬಾಗಿಲಲ್ಲೇ ನಿಂತು, "ಮೂಡಿಗೆರೆ, ಮೇಡಂ," ಎಂದರು.

"ಆಲ್ದೂರಿಗೆ ಏನು ಕಮ್ಮಿಯಾಗಿದೆ?"

"ಏನೂ ಕಮ್ಮಿ ಇಲ್ಲ, ಅದಕ್ಕೇ. ಅಲ್ಲಿನ ಹಳೇ ಮಿಷನ್ನು ನನ್ ಹತ್ರ ಬೈಸ್ಕೊಂಡ್ರೆ ಮಾತ್ರ ತಿರುಗುತ್ತೆ. ಇಲ್ಲಿ ನೀವಿದೀರಲ್ಲ."

"ನಾನಾ?"

"ದಿನಾ ಇಲ್ಲೇ ಇರ್ತೀರಿ. ನನ್ ಮಾತಿಗೆ ಹೆಂಗಸ್ರು ಬರೀ ತಲೆ ಆಡಿಸ್ತಾರೆ, ನಿಮ್ ಮಾತು ಕೇಳ್ತಾರೆ."

ನಾನೇ ಮ್ಯಾನೇಜರ್ ಆಗಬಹುದೇ ಎಂದು ಇನ್ಸ್‌ಪೆಕ್ಟರನ್ನು ಕೇಳಿದೆ. ಮ್ಯಾನೇಜರೇ ಇಲ್ಲದಿದ್ದರೆ ಕಾನೂನು ಕೊನೆಗೆ ಹಿಡಿಯುವುದು ಓನರನ್ನೇ ಅಂತೆ. "ಹೆಂಗೂ ಜವಾಬ್ದಾರಿ ನಿಮ್ದೇ ಮೇಡಂ, ಹೆಸರೂ ನಿಮ್ದೇ ಇರ್ಲಿ." ಹೀಗೆ, ಸ್ಕೂಲಿನ ಗೆಳತಿಯರೆಲ್ಲ ಮಂಡಿನೋವಿನ ಎಣ್ಣೆಯ ಬಗ್ಗೆ ಮೆಸೇಜು ಕಳಿಸಿಕೊಳ್ಳುವ ವಯಸ್ಸಿನಲ್ಲಿ ನನಗೆ ಫಸ್ಟ್ ಜಾಬ್ ಸಿಕ್ಕಿತು. ಬೆಲ್ಟಿಗೆ ಗಾರ್ಡು ಹಾಕಿದೆಯೇ ಎಂದು ಬಗ್ಗಿ ನೋಡುವುದು, ಸೆರಗು ಸಿಕ್ಕಿಸಿಕೊಳ್ಳಿ ಎಂದು ಗದರುವುದು. ನನಗದು ಹಿಡಿಸಿತು. ಈಗಲೂ ಹಿಡಿಸುತ್ತದೆ.

ಸೀಸನ್ ಮುಗಿದ ಸಂಜೆ ಮ್ಯಾನೇಜರು ಬಂದರು. ರಿಟೈರ್ ಆಗಿ ಕಳಸದಲ್ಲಿ ಮಗಳ ಮನೆ ಪಕ್ಕ ಇರಲು ಹೋಗುತ್ತಿದ್ದೇನೆ, ಮೂಡಿಗೆರೆಗೆ ಬಂದ ಹೊಸಬರಿಗೆ ಮಿಷನ್ನನ್ನು ಬೈಯುವುದು ಕಲಿಸಿಯಾಯಿತು ಎಂದರು. ಕೈಯಲ್ಲಿ ಹೊಸ ಬೋರ್ಡು, ಅದರಲ್ಲಿ ನನ್ನ ಹೆಸರು. ನಾನು ಬಾಗಿಲ ಮೇಲಿನ ಹಳೆಯ ಮೊಳೆ ತೋರಿಸಿದೆ.

"ಮೊಳೆ ಬೇಡ ಮೇಡಂ. ಇದು ಓಡಾಡೋ ಬೋರ್ಡಲ್ಲ," ಎಂದು ನಾಲ್ಕು ಮೂಲೆಗೂ ಸ್ಕ್ರೂ ಹಾಕಿ ಬಿಗಿದರು. ಕೊಟ್ಟ ಕಾಫಿ ಕುಡಿದರು, ಸಕ್ಕರೆ ಜಾಸ್ತಿ ಎಂದರು.

ಈಗಲೂ ಫೋನಿನಲ್ಲಿ ಮಿಷನ್ನುಗಳ ಆರೋಗ್ಯ ವಿಚಾರಿಸುತ್ತಾರೆ. ಕಣ್ಣಾರೆ ಕೊನೆಯ ಸಲ ಕಂಡದ್ದು ಮಾತ್ರ ಅಂದೇ: ಜೀಪು ತಿರುವಿನತ್ತ ಹೋಯಿತು, ಹಿಂದಿನ ಸೀಟು ಖಾಲಿ, ಖಣ ಖಣ ಇಲ್ಲ. ಕಿಟಕಿಯಿಂದ ಒಂದು ಕೈ ಹೊರಗೆ ಬಂದು, ನನ್ನ ಬಾಗಿಲ ಮೇಲಿನ ಬೋರ್ಡಿನ ಕಡೆ ತೋರಿಸಿ, ಒಳಗೆ ಹೋಯಿತು.