ಕೆಳಗಿನ ಮನೆಯ ಆರು ಬಾಟಲಿಗಳು

ಬಾಟಲಿಯ ಹಿಂದಿನ ಚೀಟಿಯಲ್ಲಿ ಬ್ಲ್ಯಾಕ್‌ಬೆರಿ, ಓಕ್ ಮರ, ಸ್ವಲ್ಪ ಚಾಕೊಲೇಟ್ ಎಂದು ಬರೆದಿತ್ತು. ನನ್ನ ಮೂಗಿಗೆ ಬಂದದ್ದು ಹಳೆಯ ಹುಣಸೆಹಣ್ಣಿನ ಭರಣಿಯ ಮುಚ್ಚಳ ತೆಗೆದಾಗಿನ ವಾಸನೆ.

ಕಳೆದ ಶನಿವಾರ ಮಧ್ಯಾಹ್ನ ಶಿಕಾಗೋ ಪಕ್ಕದ ಸ್ಕೋಕಿಯ ನನ್ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೆ. ಕೆಲಸ ಬಿಟ್ಟು ಹೋದ ಸಹೋದ್ಯೋಗಿಯೊಬ್ಬಳು ಕೊಟ್ಟಿದ್ದ ಕೆಂಪು ವೈನು ತಿಂಗಳುಗಟ್ಟಲೆ ಕಪಾಟಿನಲ್ಲಿತ್ತು. ಒಬ್ಬಳಿಗಾಗಿ ಬಾಟಲಿ ತೆರೆಯುವುದು ನನ್ನ ಅಭ್ಯಾಸವಲ್ಲ. ಅಂದು ಯಾಕೋ ತೆರೆದೆ. ಗ್ಲಾಸನ್ನು ಮೂಗಿನ ಹತ್ತಿರ ತಂದವಳು ಹಾಗೇ ನಿಂತುಬಿಟ್ಟೆ. ಹುಣಸೆಹಣ್ಣಿನ ಭರಣಿ ಎಂಬುದು ನನ್ನ ಮಾತಲ್ಲ. ಡೆಟ್ರಾಯ್ಟ್ ಹತ್ತಿರದ ಟ್ರಾಯ್‌ನಲ್ಲಿದ್ದಾಗ ಕೆಳಗಿನ ಮನೆಯಲ್ಲಿದ್ದ ಆಂಟಿಯ ಮಾತು...

ಅವರು ಮೈಸೂರಿನವರು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ನಮ್ಮ ಕಟ್ಟಡಕ್ಕೆ ಬಂದಿದ್ದರು. ಬರುವಾಗ ಅಂಕಲ್ ಕೂಡಿಟ್ಟಿದ್ದ ಆರು ಬಾಟಲಿ ವೈನನ್ನೂ ತಂದಿದ್ದರು. ಮದುವೆಯಾದ ಅಷ್ಟು ವರ್ಷಗಳಲ್ಲಿ ಅಂಕಲ್ ಆಗಾಗ ಒಂದು ಗ್ಲಾಸು ಕುಡಿಯುತ್ತಿದ್ದರಂತೆ. ಆಂಟಿ ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ.

"ರುಚಿ ನೋಡೇ ಅಂತ ಎಷ್ಟು ಸಲ ಕರೆದ್ರು ಗೊತ್ತಾ? ನಂಗೇನ್ ಬೇಡ ಅಂತ ಸೊಟ್ಟ ಮುಖ ಮಾಡ್ತಿದ್ದೆ. ಈಗ ಚೆಲ್ಲೋಕೂ ಮನಸ್ಸು ಬರಲ್ಲ, ಒಬ್ಬಳೇ ಕುಡಿಯೋಕೂ ನಾಚಿಕೆ. ಈ ಶನಿವಾರ ನೀನು ಬಾ," ಎಂದು ಒಂದು ದಿನ ಮೆಟ್ಟಿಲ ಬಳಿ ಕರೆದರು. ನನಗಾಗ ಇಪ್ಪತ್ತಾರು. ಆ ಊರಿನಲ್ಲಿ ವಾರಾಂತ್ಯದಲ್ಲಿ ನನ್ನನ್ನು ಕರೆಯುವವರು ಬೇರೆ ಯಾರೂ ಇರಲಿಲ್ಲ.

ಮೊದಲ ಬಾಟಲಿ ಕ್ಯಾಬರ್ನೆ ಎಂಬ ಕೆಂಪು ವೈನು. ವೈನಿಗೆಂದೇ ಅವರು ಎರಡು ಸ್ಟೀಲ್ ಲೋಟ ಬೇರೆ ತೆಗೆದಿಟ್ಟಿದ್ದರು. ಮೊದಲು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಮೂಸಿದರು. ಆಮೇಲೆ ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ, ಮಡಿಯಲ್ಲಿ ನೀರು ಕುಡಿಯುವ ಹಾಗೆ ಎತ್ತಿ ಕುಡಿದರು. ವೈನನ್ನು ಎತ್ತಿ ಕುಡಿದವರನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಒಂದು ಹನಿಯೂ ಚೆಲ್ಲಲಿಲ್ಲ.

"ವಾಸನೆ ಹಳೇ ಹುಣಸೆಹಣ್ಣಿನ ಭರಣಿ. ರುಚಿ... ಬಾಳೆಕಾಯಿ ಹೆಚ್ಚಿದ ಕೈ ನೆಕ್ಕಿದ ಹಾಗಿದೆ ಕಣೇ. ಇದಕ್ಕಾ ಆ ಮನುಷ್ಯ ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಕೂತಿರ್ತಿದ್ದಿದ್ದು!"

ಒಗರು ಹೆಚ್ಚು ಎಂದು ನಾನು ಫೋನಿನಲ್ಲಿ ಬರೆದುಕೊಂಡೆ. ಅವರ ಮಾತನ್ನು ಬರೆದುಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಎರಡನೆಯದು ಉತ್ತರ ಮಿಶಿಗನ್ನಿನ ರೀಸ್ಲಿಂಗ್, ಬಿಳಿ ವೈನು. ಜನವರಿ, ಹೊರಗೆ ಶೂನ್ಯಕ್ಕಿಂತ ಕೆಳಗೆ, ಕಿಟಕಿಯ ಅಂಚಿನಲ್ಲಿ ಒಳಗಡೆಯೇ ಹಿಮ ಕಟ್ಟಿತ್ತು. ಹೇರಳೆಕಾಯಿ ಸಿಪ್ಪೆಯನ್ನು ಉಗುರಿನಿಂದ ಗೀರಿದ ವಾಸನೆ ಅದಕ್ಕೆ. ನಿಪ್ಪಟ್ಟಿನ ಜೊತೆ ಬಹಳ ಚೆನ್ನಾಗಿ ಹೊಂದಿತು. ಅಂದು ಆಂಟಿ ಎರಡನೆಯ ಲೋಟ ಕೇಳಿ, ಕೇಳಿದ್ದಕ್ಕೆ ತಾವೇ ನಕ್ಕರು. ಮೂರನೆಯದು ಕೆಟ್ಟಿತ್ತು. ಬಿರಡೆ ತೆಗೆದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ. ಬಿಸಾಡೋಣ ಆಂಟಿ ಎಂದೆ. ಅವರು ಬಾಟಲಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇದನ್ನ ಯಾವತ್ತು ಕುಡೀಬೇಕು ಅಂತ ಇಟ್ಟಿದ್ರೋ..." ಎಂದು ಅದನ್ನೂ ಒಂದು ಗುಟುಕು ಕುಡಿದರು. ನಾನೂ ಕುಡಿದೆ. ಅದರ ಬಗ್ಗೆ ಏನೂ ಬರೆದುಕೊಳ್ಳಲಿಲ್ಲ. ನಾಲ್ಕನೆಯದರ ಬಗ್ಗೆ ನೆನಪಿರುವುದು ಬಣ್ಣ ಮಾತ್ರ, ತೆಳು ಗುಲಾಬಿ.

ಈ ಶನಿವಾರಗಳ ವಿಷಯ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು ಕೂಡ. ಅಲ್ಲಿನ ಕನ್ನಡದ ಹೆಂಗಸರ ಭಜನೆ ಗುಂಪಿನಲ್ಲಿ ನೈವೇದ್ಯದ ಅಡುಗೆ ಆಂಟಿಯದೇ ಆಗಿತ್ತು. ಸ್ನಾನ ಮಾಡಿ, ಮಡಿಯುಟ್ಟು, ಯಾರನ್ನೂ ಮುಟ್ಟದೆ ಪುಳಿಯೋಗರೆ ಕಲಸುತ್ತಿದ್ದರು. ಗಂಡ ಹೋದ ಮೇಲೆ ತಿಂಗಳಿಗೊಮ್ಮೆ ನಾಲ್ಕು ಜನ ತಮ್ಮನ್ನು ಹುಡುಕಿಕೊಂಡು ಬರುವುದು ಆ ಅಡುಗೆಯಿಂದಲೇ ಎಂದು ಅವರು ಒಮ್ಮೆ ಹೇಳಿದ್ದರು. ವೈನು ಮುಟ್ಟಿದ ದಿನ ದೇವರ ಸಾಮಾನು ಮುಟ್ಟುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಎರಡೂ ಬೇರೆ ಬೇರೆ, ಎರಡೂ ತಮ್ಮವೇ.

ಐದನೆಯ ಬಾಟಲಿಯನ್ನು ತೆರೆದದ್ದು ನವರಾತ್ರಿಯ ಶನಿವಾರ. ಮರುದಿನ ಅವರ ಮನೆಯಲ್ಲಿ ಗೊಂಬೆ ನೋಡಲು ಎಲ್ಲರೂ ಬರುವವರಿದ್ದರು. ಅರ್ಧ ಬಾಟಲಿ ಉಳಿಯಿತು.

"ಇದನ್ನ ನಿಮ್ಮನೆಗೆ ತಗೊಂಡ್ಹೋಗು ಮಗೂ. ನಾಳೆ ಜನ ಬರ್ತಾರೆ," ಎಂದರು ಆಂಟಿ.

"ನಮ್ಮನೇಲಿ ಬೇಡ ಆಂಟಿ. ಅಮ್ಮ ವಿಡಿಯೋ ಕಾಲ್‌ನಲ್ಲಿ ಫ್ರಿಜ್ ತೆಗಿ, ತರಕಾರಿ ಏನಿದೆ ತೋರಿಸು ಅಂತಾರೆ. ಇಲ್ಲೇ ಇರ್ಲಿ, ಫ್ರಿಜ್ಜಲ್ಲಿ ಹಿಂದೆ ಇಟ್ಟುಬಿಡಿ."

ಅವರು ಒಂದು ಕ್ಷಣ ಯೋಚಿಸಿ, ಮೊಸರಿನ ಡಬ್ಬಿಯ ಹಿಂದೆ ಇಟ್ಟರು.

ಮರುದಿನ ಹನ್ನೊಂದು ಹನ್ನೆರಡು ಹೆಂಗಸರು ಬಂದಿದ್ದರು. ನಾನು ಅಮ್ಮ ಕಳಿಸಿದ್ದ ರೇಷ್ಮೆ ಸೀರೆಯುಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸುತ್ತಿದ್ದೆ. ಗುಂಪನ್ನು ನಡೆಸುತ್ತಿದ್ದವರು ಕೋಸಂಬರಿಯ ಪಾತ್ರೆಗೆ ಜಾಗ ಮಾಡಲು ಫ್ರಿಜ್ ತೆಗೆದು ಮೊಸರಿನ ಡಬ್ಬಿಯನ್ನು ಸರಿಸಿದರು. ಅವರು ಕಾಲೇಜಿನಲ್ಲಿ ನನ್ನ ಅಮ್ಮನ ಸಹಪಾಠಿ. ಈಗಲೂ ಅಮ್ಮನಿಗೆ ದಿನಾ ಬೆಳಿಗ್ಗೆ ಮೆಸೇಜು ಕಳಿಸುವವರು.

"ಇದೇನ್ರೀ ಇದು?" ಬಾಟಲಿಯ ಕತ್ತು ಹಿಡಿದು ಎತ್ತಿ ತೋರಿಸಿದರು. "ಗೊಂಬೆಗಳಿಗೂ ಪಾರ್ಟಿನಾ?"

ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಆಂಟಿ ನನ್ನ ಕಡೆ ನೋಡಿದರು. ಕೇಳಿಕೊಳ್ಳುವ ನೋಟವಲ್ಲ ಅದು. ನಾನಲ್ಲಿದ್ದೇನೆಯೇ ಎಂದು ನೋಡಿದ್ದು, ಅಷ್ಟೇ. ನನ್ನದು ಎಂದು ನಾನು ಹೇಳಬಹುದಿತ್ತು. ಇಂದಿನ ಹುಡುಗಿಯರೇ ಹೀಗೆ ಎಂದು ನಾಲ್ಕು ದಿನ ಆಡಿಕೊಳ್ಳುತ್ತಿದ್ದರು, ಅಮ್ಮ ಒಂದು ವಾರ ಅಳುತ್ತಿದ್ದರು. ನಾನು ತಲೆ ತಗ್ಗಿಸಿ ವೀಳ್ಯದೆಲೆಯ ತೊಟ್ಟು ಮುರಿಯತೊಡಗಿದೆ.

"ನಂದೇ," ಎಂದರು ಆಂಟಿ. "ಕೋಸಂಬರಿ ಕೊಡಿ ಇಲ್ಲಿ, ಜಾಗ ಮಾಡ್ತೀನಿ."

ಮುಂದಿನ ತಿಂಗಳು ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂತು. ಆಂಟಿಗೆ ವಯಸ್ಸಾಯಿತು, ಈ ಸಲ ರೆಸ್ಟ್ ತಗೊಳ್ಳಲಿ, ನೈವೇದ್ಯ ಬೇರೆಯವರು ಮಾಡುತ್ತಾರೆ ಎಂದು. ಕೆಳಗೆ ಒಂಬತ್ತು ಜನರ ಕೈಮುಗಿದ ಚಿತ್ರಗಳು. ಆಂಟಿಯೂ ಕೈ ಮುಗಿದಿದ್ದರು. ಅದರ ಮುಂದಿನ ತಿಂಗಳೂ ಬೇರೆಯವರೇ ಮಾಡಿದರು. ಆಂಟಿ ಭಜನೆಗೆ ಹೋಗುವುದು ನಿಂತಿತು.

ಅವರು ನನ್ನನ್ನು ಏನೂ ಕೇಳಲಿಲ್ಲ. ಶನಿವಾರ ಕರೆಯುತ್ತಲೇ ಇದ್ದರು. ನಾನೇ ಆಫೀಸಿನ ಕೆಲಸ, ತಲೆನೋವು ಎಂದು ತಪ್ಪಿಸಿಕೊಂಡೆ. ಎರಡು ಸಲ ಹೋದಾಗ ಕಾಫಿ ಕೊಟ್ಟರು. ಆರನೆಯ ಬಾಟಲಿಯ ಮಾತು ಇಬ್ಬರೂ ಎತ್ತಲಿಲ್ಲ. ಮಾರ್ಚಿನಲ್ಲಿ ಶಿಕಾಗೋದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಆಂಟಿ ಪಾರ್ಕಿಂಗ್ ಲಾಟಿನ ತನಕ ಬಂದು, "ದಾರೀಲಿ ಹಸಿವಾದ್ರೆ ಎಕ್ಸಿಟ್ ತಗೊಂಡು ಏನಾದ್ರೂ ತಿನ್ನು, ಹಾಗೇ ಓಡಿಸ್ಬೇಡ," ಎಂದರು. ಹೇಳಬೇಕಾದದ್ದನ್ನು ಹೇಳಲು ಅದೊಂದು ಅವಕಾಶವಿತ್ತು. ಆಯ್ತು ಆಂಟಿ ಎಂದೆ.

ಎರಡು ವರ್ಷದ ನಂತರ, ಶಿಕಾಗೋದ ಡೆವನ್ ಅವೆನ್ಯೂದ ಭಾರತೀಯ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ, ಅದೇ ವಾಟ್ಸಾಪ್ ಗುಂಪಿನಲ್ಲಿ ಆಂಟಿ ತೀರಿಕೊಂಡ ಸುದ್ದಿ ಓದಿದೆ. ಸರಳ ಸಜ್ಜನಿಕೆಯ ಜೀವ ಎಂದು ಬರೆದಿದ್ದರು. ಇನ್ನೂರ ಎಂಬತ್ತು ಮೈಲಿ, ಐದು ಗಂಟೆಯ ದಾರಿ. ನಾನು ಹೋಗಲಿಲ್ಲ. ಆರನೆಯ ಬಾಟಲಿ ಏನಾಯಿತೋ ಗೊತ್ತಿಲ್ಲ.

ಕಳೆದ ಶನಿವಾರದ ಆ ವೈನನ್ನು ಅರ್ಧ ಗ್ಲಾಸು ಕುಡಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲು ಎದುರಿಗೆ ಯಾರೂ ಇರಲಿಲ್ಲ, ಮತ್ತು ಅದಕ್ಕೆ ಕಾರಣ ಸಾವೊಂದೇ ಅಲ್ಲ. ಸಾವಿಗೂ ಮೊದಲೇ ನಾನು ಅವರನ್ನು ಬಿಟ್ಟುಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಭಜನೆ ಗುಂಪು ನಡೆಸುವವರಿಗೆ ಫೋನ್ ಮಾಡಿದೆ. ಯಾರೆಂದು ಹೇಳಿ, ನೇರ ವಿಷಯಕ್ಕೆ ಬಂದೆ.

"ಆಂಟಿ, ಆ ನವರಾತ್ರೀಲಿ ಫ್ರಿಜ್ಜಲ್ಲಿದ್ದ ವೈನು... ನಾನೂ ಕುಡೀತಿದ್ದೆ. ಕೆಳಗಿನ ಮನೆ ಆಂಟಿ ತಗೊಂಡ್ಹೋಗು ಅಂದಿದ್ರು. ಅಲ್ಲೇ ಇಡಿ ಅಂದಿದ್ದು ನಾನೇ."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. "ಈಗ ಯಾಕಮ್ಮ ಇದೆಲ್ಲ?" ಎಂದರು. ಮತ್ತೆ, "ಅವರ ಥರ ಪುಳಿಯೋಗರೆ ಆಮೇಲೆ ಯಾರ ಕೈಲೂ ಆಗ್ಲಿಲ್ಲ," ಎಂದರು. ಅವರ ದನಿ ಸಣ್ಣದಾಗಿತ್ತು. "ಅಮ್ಮಂಗೆ ಗೊತ್ತಾ?"

"ಇಲ್ಲ. ಈಗ ಹೇಳ್ತೀನಿ."

ಅಮ್ಮ ಇರುವ ಮೈಸೂರಿನಲ್ಲಿ ಆಗ ರಾತ್ರಿ ಎಂಟೂವರೆ ದಾಟಿರಬೇಕು. ಎರಡನೆಯ ರಿಂಗಿಗೆ ಅಮ್ಮ ಎತ್ತಿಕೊಂಡರು. ಊಟ ಆಯ್ತಾ ಎಂದು ಅವರು ಕೇಳುವ ಮೊದಲೇ ಹೇಳಿದೆ.