ಕಣದ ಅಂಚಿನಲ್ಲಿ ಬಿಚ್ಚಿಟ್ಟ ಶೂಗಳು

ಅಣ್ಣನ ಬಲಗಾಲಿನ ಎರಡು ಬೆರಳುಗಳು ಮುರಿದದ್ದು ನಮ್ಮ ಅಮ್ಮ ದುಡಿಯುವ ಎಸ್ಟೇಟಿನ ಕಾಫಿ ಕಣದಲ್ಲಿ. ಪಾಲಿಬೆಟ್ಟದ ಸುತ್ತಲಿನ ತೋಟಗಳಿಗೆ ಬೈಕಿನಲ್ಲಿ ಪಾರ್ಸೆಲ್ ಮುಟ್ಟಿಸುವುದು ಅವನ ಕೆಲಸ. ಆ ದಿನ ತಂದದ್ದು ನೀರೆತ್ತುವ ಮೋಟಾರು. ಅದನ್ನು ಗೇಟಿನಲ್ಲಿ ಇಳಿಸಿ ಬರುವಂತಿಲ್ಲ. ಬಾಗಿಲಿಗೇ ಒಯ್ದು, ಅಲ್ಲಿ ಫೋಟೊ ತೆಗೆಯಬೇಕೆಂಬುದು ಕಂಪನಿಯ ಕಟ್ಟಳೆ. ಗೋದಾಮಿನ ಬಾಗಿಲು ಕಣದ ಆಚೆಗಿತ್ತು. ಕಣದ ತುಂಬ ಒಣಗಲು ಹಾಕಿದ ಕಾಫಿ ಹರಡಿತ್ತು.

ಕಣದ ಕಾಫಿಯ ಮೇಲೆ ಯಾರೂ ಚಪ್ಪಲಿ ಮೆಟ್ಟಿ ನಡೆಯುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಬೆಳೆದವರಿಗೆ ಅದು ನಡಿಗೆಯ ಜೊತೆಗೇ ಬರುತ್ತದೆ. ಅಣ್ಣ ಕಂಪನಿ ಕೊಟ್ಟ ದಪ್ಪ ಶೂಗಳನ್ನು ಅಂಚಿನಲ್ಲಿ ಬಿಚ್ಚಿಟ್ಟು, ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆದ. ಒಣಗಿದ ಕಾಳುಗಳು ಪಾದದಡಿ ಉರುಳಿದವು. ಅವನು ಹೇಗೋ ಸಾವರಿಸಿಕೊಂಡ. ಪೆಟ್ಟಿಗೆ ಕಾಲಿನ ಮೇಲೆ ಬಿತ್ತು.

ಕೆಲಸದ ವೇಳೆಯ ಪೆಟ್ಟೆಂದು ಕಂಪನಿ ಒಪ್ಪಿದರೆ ಚಿಕಿತ್ಸೆಯೂ ಸಿಗುತ್ತದೆ, ಕಾಲು ಕೂಡುವವರೆಗೆ ಕೆಲಸವೂ ಉಳಿಯುತ್ತದೆ ಎಂದು ಅವನ ಜೊತೆಯವರು ಹೇಳಿದರು. ನಮ್ಮ ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ ಆದುದರಿಂದ ಮಾತನಾಡುವ ಹೊಣೆ ನನ್ನದಾಯಿತು. ಅಣ್ಣನ ಜೊತೆ ಕಂಪನಿಯ ಶಾಖೆಗೆ ಹೊರಟ ನಾನು ಮಡಿಕೇರಿಯ ಬಸ್ಸಿನಲ್ಲಿ ವಾಕ್ಯಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ತಿದ್ದಿಕೊಂಡೆ. ಒಂದು ಪದ ತಪ್ಪಿದರೂ ಅಣ್ಣನ ಪಾಲಿನದು ಕೈತಪ್ಪುತ್ತದೆ ಎಂಬ ಭಯವಿತ್ತು.

ಶಾಖೆಯ ಅಧಿಕಾರಿ ಫೋನಿನಲ್ಲಿದ್ದರು. ಮೋಡ ಕಟ್ಟಿದೆ, ನಮ್ಮ ಕಣದಲ್ಲಿರುವ ಕಾಫಿಗೆ ಟಾರ್ಪಾಲು ಹೊದಿಸಿ ಎಂದು ಮನೆಯವರಿಗೆ ಹೇಳುತ್ತಿದ್ದರು. ನನ್ನ ವಾಕ್ಯಗಳನ್ನೆಲ್ಲ ತಾಳ್ಮೆಯಿಂದ ಕೇಳಿ, ಅಣ್ಣನನ್ನು ಒಂದೇ ಪ್ರಶ್ನೆ ಕೇಳಿದರು.

"ಶೂ ಹಾಕಿದ್ಯಾ?"

"ಇಲ್ಲ ಸರ್. ಬಿಚ್ಚಿಟ್ಟಿದ್ದೆ."

"ನೀನು ಪಾರ್ಸೆಲ್ ಕೊಡ್ಲಿಕ್ಕೆ ಹೋದದ್ದಾ, ದೇವಸ್ಥಾನಕ್ಕೆ ಹೋದದ್ದಾ?"

ಪಕ್ಕದ ಮೇಜಿನವರು ನಕ್ಕರು. ಶೂ ಕೊಟ್ಟದ್ದು ಕಂಪನಿ, ಬಿಚ್ಚಿದ್ದು ಅವನು, ಆದುದರಿಂದ ಪೆಟ್ಟೂ ಅವನದೇ ಎಂದು ಅಧಿಕಾರಿ ತೀರ್ಮಾನಿಸಿದರು. ಸಿದ್ಧಪಡಿಸಿಕೊಂಡಿದ್ದ ವಾಕ್ಯಗಳನ್ನು ಬಿಟ್ಟು ನಾನು ಕೇಳಿದೆ.

"ಸರ್, ನಿಮ್ಮ ಕಣದಲ್ಲಿ ಇವನು ಶೂ ಹಾಕ್ಕೊಂಡು ನಡೆದಿದ್ರೆ ಬಿಡ್ತಿದ್ರಾ?"

ಅವರು ಕಿಟಕಿಯಾಚೆಯ ಮೋಡವನ್ನು ನೋಡಿದರು.

"ಅದು ಬೇರೆ ವಿಷಯ, ಅಮ್ಮಾ."

ಬೇರೆ ಹೇಗೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಅವರ ಕಾಫಿಗೆ ಟಾರ್ಪಾಲು ಉಂಟು. ಕಾಫಿಯ ಮೇಲೆ ಭಾರ ಹೊತ್ತು ನಡೆಯುವವನ ಕಾಲಿಗೆ ನಿಯಮ ಮಾತ್ರ. ಬಾಗಿಲವರೆಗೆ ಹೋಗಲೇಬೇಕೆಂದು ಕಟ್ಟಳೆ ಮಾಡಿದವರಿಗೆ ಬಾಗಿಲ ಮುಂದೆ ಏನಿರುತ್ತದೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ.

ಇನ್ನು ಮುಂದೆ ಶೂ ಹಾಕಿಕೊಂಡೇ ನಡೆ, ಯಾರ ಕಾಫಿ ಹಾಳಾದರೂ ಆಗಲಿ ಎಂದು ಹಿಂದಿರುಗುವ ಬಸ್ಸಿನಲ್ಲಿ ಅಣ್ಣನಿಗೆ ಸಿಟ್ಟಿನಿಂದ ಹೇಳಿದೆ. ಅವನು ಕಾಲನ್ನು ಮುಂದಿನ ಸೀಟಿನ ಕೆಳಗೆ ಮೆಲ್ಲನೆ ಚಾಚಿದ.

"ಅಮ್ಮ ಹರಡಿದ ಕಾಫಿ ಕಣೇ ಅದು."

ಬೆರಳುಗಳು ಕೂಡುವ ಮೊದಲೇ ಅವನು ಕೆಲಸಕ್ಕೆ ಮರಳಬೇಕಾಯಿತು. ಬಾತುಕೊಂಡ ಕಾಲಿಗೆ ಕಂಪನಿಯ ಶೂ ಹಿಡಿಸುವುದಿಲ್ಲ. ಹವಾಯಿ ಚಪ್ಪಲಿಯಲ್ಲೇ ಪಾರ್ಸೆಲ್ ಹೊತ್ತು ಹೋಗುತ್ತಾನೆ. ಶೂ ಎಲ್ಲಿ ಎಂದು ಈಗ ಕಂಪನಿಯಲ್ಲಿ ಅವನನ್ನು ಯಾರೂ ಕೇಳುವುದಿಲ್ಲ.