ಒಂದೊಂದೇ ಕಿತ್ತು ನೋಡುವವಳು

ನಮ್ಮ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಮೊದಲು ಬೈಸಿಕೊಳ್ಳುವವನು ನಾನು. ದೂರಿನ ಫೋನ್ ಎತ್ತುವುದು ನನ್ನ ಕೆಲಸ. ಎರಡನೆಯವಳು ಆಮೆಯಕ್ಕ, ನೆಟ್‌ವರ್ಕ್ ರಿಪೇರಿಯವಳು. ಆ ಹೆಸರಿಟ್ಟವರು ಎಕ್ಸ್‌ರೇ ವಿಭಾಗದವರು, ಅವಳ ನಿಧಾನಕ್ಕೆ ರೋಸಿಹೋಗಿ. ಅವಳಿಗೂ ಅದು ಗೊತ್ತಿತ್ತು. "ಆಮೆ ಹೊರಟಿದೆ ಅಂತ ಹೇಳಿಬಿಡಿ ಅವ್ರಿಗೆ" ಎಂದು ನನಗೇ ಹೇಳಿ ಚೀಲ ಎತ್ತಿಕೊಳ್ಳುತ್ತಿದ್ದಳು.

ನಿಧಾನವೆಂದರೆ ಸೋಮಾರಿತನವಲ್ಲ. ಬೇರೆಯವರು ಬಂದ ಕೂಡಲೇ ನಾಲ್ಕು ವೈರು ಕಿತ್ತು, ಎಲ್ಲ ಆಫ್ ಮಾಡಿ ಆನ್ ಮಾಡಿ, ಸರಿಹೋದರೆ ಮೀಸೆ ತಿರುವುವ ಜಾತಿ. ಯಾವುದರಿಂದ ಸರಿಯಾಯಿತೆಂದು ಕೇಳಿದರೆ ಬೆಬ್ಬೆಬ್ಬೆ. ಆಮೆಯಕ್ಕ ಮೊದಲು ಮಂಡಿಯೂರಿ ವೈರು ನೋಡುವಳು, ಆಮೇಲೆ ದೀಪ, ಆಮೇಲೆ ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಕಂಪ್ಯೂಟರಿನ ಒಳಗಿನ ಸೆಟ್ಟಿಂಗ್ ಕಟ್ಟಕಡೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವಳು. ಗುಣ ಕಾಣದಿದ್ದರೆ ಅದನ್ನು ಮೊದಲಿದ್ದಂತೆಯೇ ಇಟ್ಟು ಮುಂದಿನದಕ್ಕೆ ಕೈಹಾಕುವಳು. ಇದಕ್ಕೆಲ್ಲ ಮುಂಚೆ ಅಲ್ಲಿದ್ದವರನ್ನು ಕೇಳುವಳು, "ಇದು ಕೆಡೋ ಮುಂಚೆ ಏನು ಬದಲಾಯ್ತು?" ಎಲ್ಲರೂ ಏನೂ ಇಲ್ಲ ಎನ್ನುತ್ತಾರೆ. ನನ್ನ ಅನುಭವದಲ್ಲಿ, ಹಾಗೆಂದವರ ಕಾಲಬುಡದಲ್ಲೇ ಏನಾದರೊಂದು ಆಗಿರುತ್ತದೆ.

ಅವಳ ಅಪ್ಪನನ್ನು ಕಿಡ್ನಿ ತೊಂದರೆಗೆಂದು ನಮ್ಮಲ್ಲೇ, ಮೇಲಿನ ಮಹಡಿಯ ವಾರ್ಡಿಗೆ ಸೇರಿಸಿದ್ದರು. ಅಮ್ಮ ಹಾಸಿಗೆಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ರಕ್ತ ತೆಗೆದು ಲ್ಯಾಬಿಗೆ ಕಳಿಸಿದ್ದರು. ವರದಿ ನೋಡಿಯೇ ಮುಂದಿನ ಔಷಧ ಎಂದಿದ್ದರು ಡಾಕ್ಟರು. ವರದಿ ಬರುವ ಮೊದಲೇ ಇಡೀ ಆಸ್ಪತ್ರೆಯ ನೆಟ್‌ವರ್ಕ್ ಮಲಗಿತು. ನಮ್ಮ ಮೇಜಿನ ಫೋನುಗಳೂ ಅದೇ ವೈರುಗಳ ಮೇಲೆ ನಡೆಯುವಂಥವು, ಅವೂ ಸತ್ತವು. ಲ್ಯಾಬಿನವರು ವರದಿಗಳನ್ನು ಚೀಟಿಯಲ್ಲಿ ಬರೆದು ಆಯಾಗಳ ಕೈಯಲ್ಲಿ ಕಳಿಸತೊಡಗಿದರು.

ನಮ್ಮ ಸಾಹೇಬರು ಏದುಸಿರು ಬಿಡುತ್ತಾ ಬಂದರು. "ಎಲ್ಲಾ ಆಫ್ ಮಾಡಿ ಆನ್ ಮಾಡಮ್ಮ. ಹೀಗೆ ನೋಡ್ತಾ ನಿಂತ್ರೆ ಹೇಗೆ?"

"ಮಾಡಿದ್ರೆ ಒಂದು ಗಳಿಗೆ ಬರತ್ತೆ, ಮತ್ತೆ ಬೀಳತ್ತೆ ಸಾರ್. ಎಲ್ಲಿಂದ ಅಂತ ಗೊತ್ತಾಗ್ಬೇಕು."

ಅವಳು ಹೇಳಿದ್ದು ಸರಿ. ದೊಡ್ಡ ಪೆಟ್ಟಿಗೆಯ ದೀಪಗಳೆಲ್ಲ ಹುಚ್ಚು ಹಿಡಿದಂತೆ ಒಟ್ಟಿಗೇ ಮಿನುಗುತ್ತಿದ್ದವು. ಎಲ್ಲೋ ಒಂದು ವೈರಿನ ಎರಡೂ ತುದಿ ಒಂದೇ ಪೆಟ್ಟಿಗೆಗೆ ಸೇರಿಕೊಂಡಿವೆ, ಒಂದೇ ಸಂದೇಶ ಸುತ್ತಿದ್ದೇ ಸುತ್ತಿ ದಾರಿಯನ್ನೆಲ್ಲ ತುಂಬಿಬಿಟ್ಟಿದೆ ಎಂದಳು. ಹುಡುಕಬೇಕೆಂದರೆ ಒಂದು ಮಹಡಿಯ ವೈರು ಕಿತ್ತು, ಉಳಿದ ದೀಪಗಳು ತಣ್ಣಗಾಗುತ್ತವೆಯೇ ಎಂದು ಕಾಯಬೇಕು. ಇಲ್ಲವಾದರೆ ಅದನ್ನು ಮತ್ತೆ ಸಿಕ್ಕಿಸಿ ಮುಂದಿನ ಮಹಡಿ. ಅವಳು ಕೆಳಗಿನಿಂದ ಶುರುಮಾಡಿದಳು.

"ಅಕ್ಕಾ, ಅಪ್ಪನ ಮಹಡಿ ಮೊದಲು ನೋಡಿಬಿಡಿ" ಎಂದೆ.

"ನಮ್ಮಪ್ಪ ಅಲ್ಲಿದಾರೆ ಅಂತ ತೊಂದರೇನೂ ಅಲ್ಲೇ ಇರತ್ತಾ?"

ಹಾಗೆಂದು ಮುಂದಿನ ಮಹಡಿಯ ವೈರಿಗೆ ಕೈಹಾಕಿದಳು. ಕ್ರಮ ಬಿಡಲಿಲ್ಲ. ಅವಳ ಹಟಕ್ಕೆ ನನ್ನ ಮೈ ಉರಿಯಿತು. ಅವಳ ತಪ್ಪಿಲ್ಲವೆಂದು ತಿಳಿದೂ ಇವತ್ತಿಗೂ ಉರಿಯುತ್ತದೆ.

ಉಳಿದ ಮಹಡಿಗಳೆಲ್ಲ ಮುಗಿದು, ಕೊನೆಗೆ ಮೇಲಿನದರ ವೈರು ಕಿತ್ತಾಗ ದೀಪಗಳು ತಣ್ಣಗಾದವು. ಆಮೆಯಕ್ಕ ಮೆಟ್ಟಿಲ ಕಡೆಗೆ ಓಡಿದಳು. ನಾನು ಹಿಂದೆಯೇ ಓಡಿದೆ.

"ಏನು ಬದಲಾಯ್ತು ಇಲ್ಲಿ?" ಎಂದು ವಾರ್ಡಿನ ಬಾಗಿಲಲ್ಲೇ ಕೇಳಿದಳು.

"ಏನೂ ಇಲ್ವಲ್ಲ ಮೇಡಂ" ಎಂದರು ನರ್ಸು.

ಹಾಸಿಗೆಯ ಪಕ್ಕದಿಂದ ಅಮ್ಮ ಬಾಯಿ ಹಾಕಿದರು. "ಇಲ್ಲಿ ಒಂದು ವೈರು ನೆಲದ ಮೇಲೆ ಬಿದ್ದಿತ್ತು ಕಣೇ. ಯಾರಾದ್ರೂ ಎಡವಿ ಬಿದ್ರೆ ಅಂತ ಗೋಡೇಲಿ ಖಾಲಿ ಇದ್ದ ತೂತಿಗೆ ಸಿಕ್ಕಿಸ್ದೆ. ಟಕ್ ಅಂತ ಕೂತ್ಕೊಳ್ತು." ಮಗಳ ಕೆಲಸದ ಸಾಮಾನನ್ನು ಜೋಪಾನ ಮಾಡಿದೆನೆಂಬ ಸಮಾಧಾನ ಅವರ ದನಿಯಲ್ಲಿತ್ತು.

ಅಲ್ಲಿದ್ದ ಕಂಪ್ಯೂಟರನ್ನು ರಿಪೇರಿಗೆ ಒಯ್ದ ನಮ್ಮವರೇ ಅದರ ವೈರನ್ನು ಹಾಗೇ ಬಿಟ್ಟು ಹೋಗಿದ್ದರು. ಒಂದು ತುದಿ ಮೊದಲೇ ಗೋಡೆಯಲ್ಲಿತ್ತು. ಅಮ್ಮ ಇನ್ನೊಂದನ್ನೂ ಗೋಡೆಗೇ ಸೇರಿಸಿದ್ದರು, ಆ ಎರಡು ತೂತೂ ಹೋಗಿ ಸೇರುವುದು ಒಂದೇ ಪೆಟ್ಟಿಗೆಗೆ. ಆಮೆಯಕ್ಕ ಬಗ್ಗಿ ಅದನ್ನು ಕಿತ್ತಳು. ನಾನು ಕೆಳಗೋಡಿ ಮಹಡಿಯ ವೈರನ್ನು ಸಿಕ್ಕಿಸಿ ಬರುವಷ್ಟರಲ್ಲಿ ನರ್ಸಿನ ಪರದೆಯ ಮೇಲೆ ವರದಿಗಳು ಸಾಲಾಗಿ ಇಳಿದಿದ್ದವು. ಅಪ್ಪನದು ಕೆಂಪಕ್ಷರದಲ್ಲಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸುವಷ್ಟು ಏರಿತ್ತು. ಡಾಕ್ಟರು ಸೂಜಿಮದ್ದು ಹಿಡಿದು ಓಡಿಬಂದರು, ಎದೆ ಒತ್ತಿದರು, ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಗಂಡನ ಕಾಲು ಹಿಡಿದುಕೊಂಡು ಅಮ್ಮ ನೋಡುತ್ತಿದ್ದಂತೆಯೇ ಜೀವ ಹೋಯಿತು. ಲ್ಯಾಬಿನ ಚೀಟಿ ಆಮೇಲೆ ಬಂತು, ಬೇರೆ ಚೀಟಿಗಳ ಕಟ್ಟಿನೊಳಗೆ.

ಕಾರ್ಯ ಮುಗಿಸಿ ಅವಳು ಕೆಲಸಕ್ಕೆ ಬಂದ ದಿನವೇ ವಿಚಾರಣೆಗೆ ಕರೆದರು. ಆ ವೈರನ್ನು ಸಿಕ್ಕಿಸಿದವರು ಯಾರು ಎಂದರು ದೊಡ್ಡ ಸಾಹೇಬರು.

"ನಮ್ಮಮ್ಮ" ಎಂದಳು. "ಆದ್ರೆ ಅದನ್ನ ನೆಲದ ಮೇಲೆ ಬಿಟ್ಟಿದ್ದು ನಮ್ಮ ವಿಭಾಗ ಸಾರ್. ಅದನ್ನೂ ಬರ್ಕೊಳಿ."

ಅವರು ಮೊದಲನೆಯದನ್ನು ಮಾತ್ರ ಬರೆದುಕೊಂಡರು. ವಾರ್ಡಿನ ಗೋಡೆಗೆ, ರೋಗಿಯ ಕಡೆಯವರು ಯಾವ ವೈರನ್ನೂ ಮುಟ್ಟಕೂಡದು ಎಂಬ ಫಲಕ ಬಂತು. ಕೈತೊಳೆದುಕೊಳ್ಳುವುದನ್ನು ನಮ್ಮವರಿಂದ ಕಲಿಯಬೇಕು. ನನಗೆ ಅವಳ ಮೇಲೂ ಸಿಟ್ಟು ಬಂದಿತ್ತು. ಗೊತ್ತಿಲ್ಲ ಎಂದುಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಅದನ್ನೇ ಹೇಳಿಬಿಡಬೇಕೆಂದು ಒಂದು ಸಂಜೆ ಅವರ ಮನೆಗೆ ಹೋದೆ. ಅವಳು ಒಳಗೆ ಅಡುಗೆ ಮಾಡುತ್ತಿದ್ದಳು. ಅಮ್ಮ ಮುಂದಿನ ಕೋಣೆಯಲ್ಲಿ ಒಬ್ಬರೇ ಕೂತಿದ್ದರು, ಮುಖ ಕಾಣದಷ್ಟು ಕತ್ತಲಲ್ಲಿ.

"ಬಾರಪ್ಪ, ಕೂತ್ಕೋ" ಎಂದು ಎದ್ದು, ಗೋಡೆಯ ಬಳಿ ಹೋಗಿ ನಿಂತು, ಅಡುಗೆಮನೆಯ ಕಡೆಗೆ ಕೂಗಿದರು. "ಲೈಟ್ ಹಾಕ್ಲೇನೇ? ಏನೂ ಆಗಲ್ಲ ತಾನೆ?"

"ಏನೂ ಆಗಲ್ಲಮ್ಮ, ಹಾಕು."

ಅಮ್ಮ ಸ್ವಿಚ್ಚಿನ ಎದುರು ನಿಂತೇ ಇದ್ದರು. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ತಾನೇ ಲೈಟ್ ಹಾಕಿದಳು.